ಪಿ16 ಪ್ರತಿಕಾಯ ಬಣ್ಣ ಕಟ್ಟದಿದ್ದಾಗ: ಬಾಟಲಿಯನ್ನು ದೂರುವ ಮೊದಲು

ತುಳುನಾಡಿನ ಆಟಿ ತಿಂಗಳ ಮಳೆ ಬಿಡದೆ ಹೊಯ್ಯುತ್ತಿದ್ದ ಒಂದು ವಾರ, ಮಂಗಳೂರಿನ ನಮ್ಮ ಪ್ರಯೋಗಾಲಯದಲ್ಲಿ ಹದಿನೆಂಟು ಸ್ಲೈಡುಗಳು ಬಣ್ಣವಿಲ್ಲದೆ ಹೊರಬಂದವು. ತೆಳ್ಳಗೆ ಕತ್ತರಿಸಿದ ಅಂಗಾಂಶದ ಮೇಲೆ ಪ್ರತಿಕಾಯ ಹಾಕಿ, ಅದು ಪಿ16 ಎಂಬ ಪ್ರೋಟೀನಿಗೆ ಅಂಟಿಕೊಂಡ ಕಡೆ ಕಂದು ಬಣ್ಣ ಬರಿಸುವ ಪರೀಕ್ಷೆ ಅದು. ಕೋಶಕೇಂದ್ರಕ್ಕೆ ಹಚ್ಚುವ ಹೆಮಟಾಕ್ಸಿಲಿನ್ ನೀಲಿ ಇತ್ತು, ಬರಬೇಕಾದ ಕಂದು ಇರಲಿಲ್ಲ. ಪಿ16 ಪ್ರತಿಕಾಯದ ಹೊಸ ಬಾಟಲಿ ಆಗಷ್ಟೇ ಬಂದಿತ್ತು. ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು ಹೆದ್ದಾರಿ ಮುಚ್ಚಿದ್ದರಿಂದ ಬೆಂಗಳೂರಿನಿಂದ ಹೊರಟ ಪೆಟ್ಟಿಗೆ ಎರಡು ದಿನ ತಡವಾಗಿ ತಲುಪಿತ್ತು, ಒಳಗಿನ ಜೆಲ್ ಪೊಟ್ಟಣಗಳು ಪೂರ್ತಿ ಕರಗಿ ಬೆಚ್ಚಗಾಗಿದ್ದವು. ಅಪರಾಧಿ ಸಿಕ್ಕಿದನೆಂದು ಎಲ್ಲರೂ ತೀರ್ಮಾನಿಸಿದರು. ಪೂರೈಕೆದಾರರಿಗೆ ದೂರಿನ ಪತ್ರವನ್ನು ನಾನೇ ಬರೆದೆ. ಸಂಜೆ ಕಳುಹಿಸೋಣವೆಂದು ಇಟ್ಟಿದ್ದು, ಆ ಸಂಜೆ ಇಂಟರ್ನೆಟ್ ಇರಲಿಲ್ಲವಾದ್ದರಿಂದ ಉಳಿದುಬಿಟ್ಟಿತು. ಉಳಿದದ್ದೇ ಒಳ್ಳೆಯದಾಯಿತು, ಏಕೆಂದರೆ ಮರುದಿನ ಸಿಕ್ಕ ಕಾರಣಕ್ಕೂ ಆ ಬಾಟಲಿಗೂ ಯಾವ ಸಂಬಂಧವೂ ಇರಲಿಲ್ಲ.

ಇಡೀ ಸಾಲಿನಲ್ಲಿ ಅತಿ ದುಬಾರಿ ವಸ್ತು ಪ್ರತಿಕಾಯ. ಹಾಗಾಗಿ ಮೊದಲ ಸಂಶಯ ಅದರ ಮೇಲೆಯೇ ಹೋಗುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದೆಂದರೆ ಇದು. ಪ್ರತಿಕಾಯ ನಾವು ಅಂದುಕೊಂಡಷ್ಟು ಸೂಕ್ಷ್ಮ ಪ್ರಕೃತಿಯದಲ್ಲ. ಶುದ್ಧೀಕರಿಸಿದ ಪ್ರತಿಕಾಯ ಎರಡು ಮೂರು ದಿನ ಕೋಣೆಯ ತಾಪದಲ್ಲಿ ಇದ್ದ ಮಾತ್ರಕ್ಕೆ ಸಾಮಾನ್ಯವಾಗಿ ಸಾಯುವುದಿಲ್ಲ. ಅದನ್ನು ನಿಜವಾಗಿ ಕೊಲ್ಲುವುದು ಮತ್ತೆ ಮತ್ತೆ ಹೆಪ್ಪುಗಟ್ಟಿಸಿ ಕರಗಿಸುವುದು.

ಹುಡುಕುತ್ತಿರುವುದು ಏನನ್ನು

ಪಿ16 ಒಂದು ಕಿಣ್ವ ಪ್ರತಿಬಂಧಕ ಪ್ರೋಟೀನು. ಕೋಶ ವಿಭಜನೆಗೆ ಚಾಲನೆ ಕೊಡುವ ಸಿಡಿಕೆ4 ಮತ್ತು ಸಿಡಿಕೆ6 ಎಂಬ ಕೈನೇಸ್ ಕಿಣ್ವಗಳಿಗೆ ಅಂಟಿಕೊಂಡು ಅವುಗಳ ಕೆಲಸವನ್ನು ತಡೆಯುತ್ತದೆ. 156 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನು, ತೂಕ ಸುಮಾರು 16 ಕಿಲೋಡಾಲ್ಟನ್, ಹೆಸರಿನ ಮೂಲವೂ ಅದೇ. ಇದನ್ನು ಮೊದಲು ವರದಿ ಮಾಡಿದ್ದು 1993ರಲ್ಲಿ. ಇದರ ಜೀನು ಸಿಡಿಕೆಎನ್2ಎ, ಒಂಬತ್ತನೇ ವರ್ಣತಂತುವಿನ ಗಿಡ್ಡ ತೋಳಿನಲ್ಲಿದೆ. ಹ್ಯೂಮನ್ ಪ್ಯಾಪಿಲೋಮಾ ವೈರಸ್ ಹೊಕ್ಕ ಕೋಶದಲ್ಲಿ ಆ ವೈರಸ್ಸಿನ ಇ7 ಪ್ರೋಟೀನು, ಕೋಶ ವಿಭಜನೆಯನ್ನು ಹಿಡಿದಿಡುವ ಆರ್‌ಬಿ ಪ್ರೋಟೀನನ್ನು ಕೆಡಿಸಿಹಾಕುತ್ತದೆ. ಆರ್‌ಬಿಯ ಹಿಡಿತ ತಪ್ಪಿದ ಕೋಶದಲ್ಲಿ ಪಿ16 ವಿಪರೀತ ತುಂಬಿಕೊಳ್ಳುತ್ತದೆ. ಗರ್ಭಕಂಠ ಮತ್ತು ಗಂಟಲಿನ ಅಂಗಾಂಶದಲ್ಲಿ ಇದನ್ನು ಹುಡುಕುವುದು ಇದೇ ಕಾರಣಕ್ಕೆ.

ಕರಾವಳಿಯಲ್ಲಿ ಕೆಲಸ ಮಾಡುವವರಿಗೆ ಇಲ್ಲೊಂದು ಬಲೆ ಇದೆ. ನಮ್ಮ ಮೇಜಿಗೆ ಬರುವ ತುಂಡುಗಳಲ್ಲಿ ಹೆಚ್ಚಿನವು ಕೆನ್ನೆಯ ಒಳಭಾಗ, ವಸಡು ಮತ್ತು ನಾಲಗೆಯ ಮುಂಭಾಗದವು. ಹೊಗೆಸೊಪ್ಪು ಮತ್ತು ಅಡಿಕೆಯಿಂದ ಹುಟ್ಟುವ ಇಂಥ ಕ್ಯಾನ್ಸರ್‌ಗಳಲ್ಲಿ ಪಿ16 ಜೀನೇ ಕಳೆದುಹೋಗಿರುವುದು ಅಥವಾ ಮಿಥೈಲೀಕರಣದಿಂದ, ಅಂದರೆ ಡಿಎನ್ಎ ಮೇಲೆ ಕೂತ ರಾಸಾಯನಿಕ ಗುರುತಿನಿಂದ, ಮೌನವಾಗಿರುವುದು ಅಪರೂಪವಲ್ಲ. ಅಂದರೆ ಬಿಳಿ (ಕಂದು ಬಾರದ) ಸ್ಲೈಡು ಎಷ್ಟೋ ಸಲ ದೋಷವಲ್ಲ, ಸರಿಯಾದ ಉತ್ತರ. ನಮ್ಮಲ್ಲಿಗೆ ಬಂದಿದ್ದ ಒಬ್ಬ ವಿದ್ಯಾರ್ಥಿ ಕೆನ್ನೆಯ ತುಂಡುಗಳಲ್ಲಿ ಕಂದು ತರಿಸಲೇಬೇಕೆಂದು ಪ್ರತಿಕಾಯದ ಸಾಂದ್ರತೆಯನ್ನು ಏರಿಸುತ್ತಲೇ ಹೋಗಿ, ಕೊನೆಗೆ ಸ್ನಾಯುವೂ ಕಂದಾದಾಗ ನಿಲ್ಲಿಸಿದ.

ಆದ್ದರಿಂದ ಪರೀಕ್ಷೆಯ ಅಂಗಾಂಶವನ್ನು ನೋಡಿ ದೋಷವನ್ನು ತೀರ್ಮಾನಿಸಲೇಬಾರದು.

ಮೊದಲು ಟಾನ್ಸಿಲ್ ನೋಡಿ

ಸೂಕ್ಷ್ಮದರ್ಶಕದಲ್ಲಿ ಮೊದಲು ಇಡಬೇಕಾದದ್ದು ಅದೇ ದಿನ, ಅದೇ ದ್ರಾವಣಗಳಲ್ಲಿ ಹಾದುಬಂದ ಟಾನ್ಸಿಲ್ ಸ್ಲೈಡನ್ನು. ಟಾನ್ಸಿಲ್‌ನ ಬಿರುಕುಗಳ ಒಳಮೈ ಹೊದಿಕೆಯಾದ ಎಪಿಥೀಲಿಯಂನಲ್ಲಿ ಅಲ್ಲಲ್ಲಿ ಕೋಶಗಳು ಗಾಢ ಕಂದಾಗಿ ಕಾಣಬೇಕು. ಲಿಂಫ್ ಕೋಶಗಳ ಗಂಟುಗಳೊಳಗೆ ಇರುವ ಜರ್ಮಿನಲ್ ಸೆಂಟರ್‌ಗಳಲ್ಲಿ ಚದುರಿದ ಕೆಲವು ಕೋಶಗಳು ತೆಳು ಕಂದು ಹಿಡಿಯಬೇಕು. ಹೊರಮೈ ಎಪಿಥೀಲಿಯಂ ಮತ್ತು ಹೆಚ್ಚಿನ ಲಿಂಫೋಸೈಟ್‌ಗಳು ಖಾಲಿ ಇರಬೇಕು.

ಈ ತೆಳು ಕಂದಿನ ಕೋಶಗಳ ಮೇಲೆ ನನಗೆ ವಿಶೇಷ ಪ್ರೀತಿ. ಗಾಢ ಕೋಶಗಳು ಎಂಥ ಕೆಟ್ಟ ದಿನವೂ ಸ್ವಲ್ಪ ಬಣ್ಣ ತೋರಿಸುತ್ತವೆ. ವಿಧಾನ ಕುಂಟತೊಡಗಿದಾಗ ಮೊದಲು ಮಾಯವಾಗುವುದು ಈ ಬಡಪಾಯಿಗಳು. ಗರ್ಭಕಂಠದ ಕ್ಯಾನ್ಸರ್ ತುಂಡನ್ನೇ ಏಕೈಕ ಮಾದರಿಯಾಗಿ ಇಟ್ಟುಕೊಂಡರೆ ಅದು ಯಾವಾಗಲೂ ಕಗ್ಗಂದಾಗಿ ನಿಂತು, ಸೂಕ್ಷ್ಮತೆ ಅರ್ಧಕ್ಕೆ ಇಳಿದದ್ದನ್ನೂ ಮುಚ್ಚಿಡುತ್ತದೆ.

ಟಾನ್ಸಿಲ್ ಸರಿಯಾಗಿದ್ದು ಪರೀಕ್ಷೆಯ ತುಂಡು ಮಾತ್ರ ಬಿಳಿಯಾಗಿದ್ದರೆ ಕಾರಣ ಆ ತುಂಡಿನಲ್ಲೇ ಇದೆ: ಪಿ16 ನಿಜವಾಗಿಯೂ ಇಲ್ಲ, ಅಥವಾ ಅಂಗಾಂಶ ಕೆಡದಂತೆ ಕಾಯುವ ಫಾರ್ಮಲಿನ್ ಸರಿಯಾಗಿ ಕೂತಿಲ್ಲ. ಟಾನ್ಸಿಲ್ ಕೂಡ ಬಿಳಿಯಾಗಿದ್ದರೆ ವಿಧಾನದಲ್ಲಿ ಏನೋ ಕೆಟ್ಟಿದೆ. ಆದರೆ ಆ ಟಾನ್ಸಿಲ್ ಸ್ಲೈಡು ಎಂದು ಕತ್ತರಿಸಿದ್ದು ಎಂಬುದನ್ನೂ ಕೇಳಿ. ಪ್ಯಾರಾಫಿನ್ ಮೇಣದಲ್ಲಿ ಹುದುಗಿಸಿದ ಅಂಗಾಂಶದ ಪದರಗಳನ್ನು ಒಮ್ಮೆಗೇ ಐವತ್ತು ಕತ್ತರಿಸಿ ಡಬ್ಬಿಯಲ್ಲಿಟ್ಟು ವರ್ಷವಿಡೀ ಬಳಸುವ ಅಭ್ಯಾಸ ಕೆಲವೆಡೆ ಇದೆ. ಗಾಳಿ ಮತ್ತು ತೇವ ತಗುಲಿದ ಪದರದಲ್ಲಿ ಪ್ರತಿಜನಕ, ಅಂದರೆ ಪ್ರತಿಕಾಯ ಹಿಡಿಯಬೇಕಾದ ಪ್ರೋಟೀನು, ಮೆಲ್ಲನೆ ಸವೆಯುತ್ತದೆ, ನಮ್ಮ ಜೂನ್ ತಿಂಗಳ ತೇವವನ್ನಂತೂ ಹೇಳುವುದೇ ಬೇಡ. ಹೊಸದಾಗಿ ಒಂದು ಪದರ ಕತ್ತರಿಸಿ ಹಳೆಯದರ ಪಕ್ಕದಲ್ಲಿ ಓಡಿಸಿದರೆ ಉತ್ತರ ಅದೇ ದಿನ ಸಿಗುತ್ತದೆ.

ಎಲ್ಲವೂ ಬಿಳಿಯಾದಾಗ

ಇಲ್ಲಿ ಹಿಂದಿನಿಂದ ಮುಂದಕ್ಕೆ ಬನ್ನಿ. ಕೊನೆಯ ಹಂತ ಬಣ್ಣ, ಆದ್ದರಿಂದ ಮೊದಲ ಪರೀಕ್ಷೆ ಬಣ್ಣದ್ದೇ. ಒಂದು ಪುಟ್ಟ ನಳಿಕೆಯಲ್ಲಿ ದ್ವಿತೀಯಕ ದ್ರಾವಣದ (ಮೊದಲ ಪ್ರತಿಕಾಯಕ್ಕೆ ಅಂಟುವ, ಪೆರಾಕ್ಸಿಡೇಸ್ ಕಿಣ್ವ ಹೊತ್ತ ದ್ರಾವಣ) ಒಂದು ಹನಿ, ಅದರ ಮೇಲೆ ಆ ಕಿಣ್ವದಿಂದ ಕಂದಾಗುವ, ಹೊಸದಾಗಿ ಬೆರೆಸಿದ ಡಿಎಬಿ ಒಂದು ಹನಿ. ಕೆಲವೇ ಕ್ಷಣಗಳಲ್ಲಿ ಕಾಫಿ ಕಷಾಯದಂತೆ ಕಪ್ಪಾಗಬೇಕು. ಆಗದಿದ್ದರೆ ಡಿಎಬಿ ಕೆಟ್ಟಿದೆ ಅಥವಾ ಕಿಣ್ವ ಸತ್ತಿದೆ, ಮುಂದೆ ಹುಡುಕುವುದೇ ಬೇಡ. ಡಿಎಬಿಯನ್ನು ಕೈಗವಸಿಲ್ಲದೆ ಮುಟ್ಟಬಾರದು ಎಂದು ಬೇರೆ ಹೇಳಬೇಕಾಗಿಲ್ಲ.

ಕಪ್ಪಾದರೂ ನಿರಾಳರಾಗಬೇಡಿ. ಎರಡನೇ ನಳಿಕೆಯಲ್ಲಿ ಅದೇ ಎರಡು ಹನಿಗಳ ಜೊತೆಗೆ ನೀವು ಸ್ಲೈಡು ತೊಳೆಯಲು ಬಳಸುವ ಬಫರ್ ಅನ್ನೂ ಹಾಕಿ ನೋಡಿ. ಈ ಎರಡನೇ ನಳಿಕೆಯನ್ನು ನಾವು ಕಲಿತದ್ದು ಇನ್ನೊಂದು ಮಳೆಗಾಲದಲ್ಲಿ. ಜುಲೈ ಬಂದರೆ ನಮ್ಮಲ್ಲಿ ಚಪ್ಪಲಿಗೆ, ಪುಸ್ತಕಕ್ಕೆ, ಬಫರ್ ಬಾಟಲಿಗೆ ಬೂಷ್ಟು ಹಿಡಿಯುತ್ತದೆ. ಬೂಷ್ಟು ಬಾರದಿರಲೆಂದು ಯಾರೋ ಒಳ್ಳೆಯ ಮನಸ್ಸಿನಿಂದ ತೊಳೆಯುವ ಬಫರಿಗೆ ಸೋಡಿಯಂ ಅಜೈಡ್ ಬೆರೆಸಿದ್ದರು. ಅಜೈಡ್ ಪೆರಾಕ್ಸಿಡೇಸ್ ಕಿಣ್ವವನ್ನು ತಡೆಯುತ್ತದೆ. ಒಂದು ಕಿಣ್ವ ಪ್ರತಿಬಂಧಕವನ್ನು ಹುಡುಕಲು ಹೊರಟು ಇನ್ನೊಂದು ಕಿಣ್ವ ಪ್ರತಿಬಂಧಕವನ್ನು ನಾವೇ ಸುರಿದಿದ್ದೆವು. ಪ್ರತಿಕಾಯದ ಬಾಟಲಿಯೊಳಗೆ ಸಂರಕ್ಷಕವಾಗಿ ಇರುವ ಅಜೈಡಿನಿಂದ ತೊಂದರೆಯಿಲ್ಲ, ಅದು ತೊಳೆದು ಹೋಗುತ್ತದೆ. ತೊಳೆಯುವ ನೀರಿನಲ್ಲೇ ಇದ್ದರೆ ಎಲ್ಲಿ ಹೋಗಬೇಕು? ಬಫರನ್ನು ವಾರಕ್ಕಾಗುವಷ್ಟೇ ಮಾಡಿ ಫ್ರಿಜ್ಜಿನಲ್ಲಿಡುವುದು ಸುಲಭದ ದಾರಿ.

ಎರಡೂ ನಳಿಕೆಗಳು ಕಪ್ಪಾದವು ಎನ್ನೋಣ. ಈಗ ಟಾನ್ಸಿಲ್‌ನ ಮೇಲೆ ಬೇರೊಂದು ಪ್ರತಿಕಾಯ ಹಾಕಿ, ನಿಮ್ಮಲ್ಲಿ ದಿನವೂ ಚೆನ್ನಾಗಿ ಬರುವ ಒಂದನ್ನು. ನಾವು ಆ ಆಟಿಯ ವಾರ ಹಾಕಿದ್ದು ವಿಭಜನೆಯಲ್ಲಿ ತೊಡಗಿದ ಕೋಶಗಳನ್ನು ಗುರುತಿಸುವ ಕೆಐ-67. ಟಾನ್ಸಿಲ್‌ನ ಜರ್ಮಿನಲ್ ಸೆಂಟರಿನಲ್ಲಿ ಕೆಐ-67 ದೀಪಾವಳಿಯಂತೆ ಉರಿಯಬೇಕು. ನಮ್ಮಲ್ಲಿ ಅದು ಮಂಕಾಗಿತ್ತು. ಘಾಟಿಯಲ್ಲಿ ಸಿಕ್ಕಿಹಾಕಿಕೊಂಡದ್ದು ಪಿ16 ಬಾಟಲಿ. ಕೆಐ-67 ಮೂರು ತಿಂಗಳಿನಿಂದ ನಮ್ಮ ಫ್ರಿಜ್ಜಿನಲ್ಲೇ ಇತ್ತು. ಎರಡೂ ಒಟ್ಟಿಗೆ ಮಂಕಾದರೆ ದೋಷ ಇಬ್ಬರಿಗೂ ಸಮಾನವಾದ ದಾರಿಯಲ್ಲಿ ಇರಲೇಬೇಕು. ಆ ದಾರಿಯ ಅತಿ ದೊಡ್ಡ ಹೊಂಡ, ಬಿಸಿಯಿಂದ ಪ್ರತಿಜನಕವನ್ನು ತೆರೆಯುವ ಹಂತ.

ಫಾರ್ಮಲಿನ್ ಪ್ರೋಟೀನುಗಳನ್ನು ಒಂದಕ್ಕೊಂದು ಹೆಣೆದುಬಿಡುತ್ತದೆ. ಪಿ16ರ ಮೇಲೆ ಪ್ರತಿಕಾಯ ಕೂರಬೇಕಾದ ಜಾಗ ಆ ಹೆಣಿಗೆಯೊಳಗೆ ಅಡಗುತ್ತದೆ. ಪದರವನ್ನು ಪಿಎಚ್ 9ರ ಟ್ರಿಸ್-ಇಡಿಟಿಎ ದ್ರಾವಣದಲ್ಲಿ 95ರಿಂದ 97 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಪ್ಪತ್ತು ನಿಮಿಷ ಇಟ್ಟರೆ ಅದು ಮತ್ತೆ ತೆರೆದುಕೊಳ್ಳುತ್ತದೆ. ಪಿ16ಕ್ಕೆ ಪಿಎಚ್ 6ರ ಸಿಟ್ರೇಟಿಗಿಂತ ಇದೇ ಮೇಲು ಎಂಬುದು ನನ್ನ ಅನುಭವ.

ನಮ್ಮ ನೀರಿನ ಬಾತ್‌ನ ಫಲಕ 97 ತೋರಿಸುತ್ತಿತ್ತು, ಅಂದರೆ ಬೆಳಿಗ್ಗೆ ತೋರಿಸಿತ್ತು. ಮರುದಿನ ಸ್ಲೈಡಿನ ಜಾಡಿಯೊಳಗೇ ಒಂದು ಗಾಜಿನ ಥರ್ಮಾಮೀಟರ್ ಇಳಿಸಿ, ಪಕ್ಕದಲ್ಲಿ ಕುರ್ಚಿ ಹಾಕಿ ಕುಳಿತೆ. ಹತ್ತನೇ ನಿಮಿಷಕ್ಕೆ ಕರೆಂಟು ಹೋಯಿತು. ಜನರೇಟರ್ ಹಿಡಿಯಲು ಕೆಲವು ಕ್ಷಣ. ದೀಪ ಬಂತು, ಬಾತ್‌ನ ಫಲಕವೂ ಬೆಳಗಿತು, ಆದರೆ ನಾವು ಇಟ್ಟಿದ್ದ ತಾಪವನ್ನು ಮರೆತು ಕಾರ್ಖಾನೆಯ ಮೂಲ ಅಂಕಕ್ಕೆ ಹೋಗಿ ಕೂತಿತ್ತು. ಸದ್ದಿಲ್ಲ, ಕೆಂಪು ದೀಪವಿಲ್ಲ. ಸಮಯ ಅಳೆಯುವ ಗಡಿಯಾರ ಬೇರೆಯದಾದ್ದರಿಂದ ಅದು ಇಪ್ಪತ್ತು ನಿಮಿಷವನ್ನು ನಿಷ್ಠೆಯಿಂದ ಎಣಿಸಿ ಗಂಟೆ ಹೊಡೆಯಿತು. ಆಗ ಜಾಡಿಯೊಳಗೆ 82 ಡಿಗ್ರಿ. ಆ ವಾರ ದಿನಕ್ಕೆ ನಾಲ್ಕೈದು ಸಲ ಕರೆಂಟು ಹೋಗಿ ಬರುತ್ತಿತ್ತು.

ಖಾತ್ರಿ ಮಾಡಿಕೊಳ್ಳಲು ಕರೆಂಟಿನ ಹಂಗಿಲ್ಲದ ವಿಧಾನ ಬೇಕಿತ್ತು. ಅಂದರೆ ಗ್ಯಾಸ್ ಒಲೆ ಮತ್ತು ಪ್ರೆಷರ್ ಕುಕ್ಕರ್. ಅದೇ ಬ್ಲಾಕಿನ ಎರಡು ಪದರ: ಒಂದು ಬಾತ್‌ನಲ್ಲಿ, ಒಂದು ಕುಕ್ಕರಿನಲ್ಲಿ. ಅದೇ ಘಾಟಿಯ ಬಾಟಲಿಯ ಪಿ16. ಕುಕ್ಕರಿನ ಸ್ಲೈಡಿನಲ್ಲಿ ಬಿರುಕುಗಳ ಎಪಿಥೀಲಿಯಂ ಗಾಢ ಕಂದು, ಜರ್ಮಿನಲ್ ಸೆಂಟರಿನ ಬಡಪಾಯಿಗಳೂ ಹಾಜರ್. ಬಾತ್‌ಗೆ ಈಗ ಯುಪಿಎಸ್ ಇದೆ. ಜಾಡಿಯೊಳಗಿನ ತಾಪವನ್ನು ಆರಂಭದಲ್ಲೂ ಕೊನೆಯಲ್ಲೂ ಪುಸ್ತಕದಲ್ಲಿ ಬರೆಯುತ್ತೇವೆ.

ಈ ಹಂತದ ಇನ್ನೆರಡು ತಪ್ಪುಗಳನ್ನು ಹೇಳಿಬಿಡುತ್ತೇನೆ. ತಣ್ಣನೆಯ ಬಫರ್ ತುಂಬಿದ ಪ್ಲಾಸ್ಟಿಕ್ ಜಾಡಿಯನ್ನು ಬಿಸಿ ಬಾತ್‌ಗೆ ಇಳಿಸಿ ಆ ಕ್ಷಣದಿಂದಲೇ ನಿಮಿಷ ಎಣಿಸುವುದು ಒಂದು. ನೀರು ಕುದಿಯುವ ಮೊದಲೇ ಮೂಡೆ ಇಟ್ಟು ಹೊತ್ತು ನೋಡಿದವರಿಗೆ ಒಳಗೆ ಹಿಟ್ಟು ಹಿಟ್ಟಾಗಿಯೇ ಸಿಗುವುದು ಗೊತ್ತು. ಬಫರನ್ನು ಮೊದಲೇ ಬಿಸಿ ಮಾಡಿಟ್ಟುಕೊಳ್ಳಬೇಕು. ಇನ್ನೊಂದು, ಪಿಎಚ್ ಮೀಟರನ್ನು ಹಳೆಯ ಬಾಟಲಿಯ ಕ್ಷಾರೀಯ ಪ್ರಮಾಣ ದ್ರಾವಣದಿಂದ ಹೊಂದಿಸುವುದು. ಮುಚ್ಚಳ ಸಡಿಲವಾದ ಬಾಟಲಿ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ತನ್ನ ಪಿಎಚ್ ಕಳೆದುಕೊಂಡಿರುತ್ತದೆ. ಅದನ್ನು ನಂಬಿದ ಮೀಟರು ಪಿಎಚ್ ಕಡಿಮೆಯಿರುವ ದ್ರಾವಣವನ್ನೂ 9 ಎಂದು ಓದುತ್ತದೆ. ಬಿಸಿ ಟ್ರಿಸ್‌ನಲ್ಲಿ ಪಿಎಚ್ ಅಳೆದು ಗಾಬರಿಯಾಗಬೇಡಿ: ತಾಪ ಒಂದು ಡಿಗ್ರಿ ಏರಿದಂತೆ ಟ್ರಿಸ್‌ನ ಪಿಎಚ್ ಸುಮಾರು 0.028ರಷ್ಟು ಇಳಿಯುತ್ತದೆ. ಕೋಣೆಯಲ್ಲಿ 9 ಇದ್ದದ್ದು 95 ಡಿಗ್ರಿಯಲ್ಲಿ 7ರ ಆಸುಪಾಸು ಇರುವುದು ಸಹಜ.

ಬೆಂಗಳೂರಿನ ಸ್ನೇಹಿತರ ವಿಧಾನವನ್ನು ಹಾಗೇ ತಂದವರಿಗೂ ಒಂದು ಮಾತು. ಅಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಸಮುದ್ರ ಮಟ್ಟದ ನಮ್ಮಲ್ಲಿ 100. ಬಳಬಳ ಕುದಿಯುವ ನೀರಿನಲ್ಲಿ ಪದರ ಸ್ಲೈಡಿನಿಂದ ಕಿತ್ತು ತೇಲಿದರೆ ಆಶ್ಚರ್ಯವಿಲ್ಲ.

ಎಲ್ಲವೂ ಕಂದಾದಾಗ

ಪ್ರಾಥಮಿಕ ಪ್ರತಿಕಾಯ (ಪಿ16 ಅನ್ನು ಹಿಡಿಯುವಂಥದ್ದು) ಹಾಕದೆ ಉಳಿದೆಲ್ಲ ಹಂತ ಮುಗಿಸಿದ ಒಂದು ಸ್ಲೈಡು ಇಲ್ಲದೆ ಈ ವಿಭಾಗಕ್ಕೆ ಇಳಿಯಬೇಡಿ. ಆ ಸ್ಲೈಡು ಸ್ವಚ್ಛವಾಗಿದ್ದರೆ ಪ್ರತಿಕಾಯದ ಸಾಂದ್ರತೆ ಹೆಚ್ಚಾಗಿದೆ. ಒಂದಕ್ಕೆ 50, 100, 200, 400 ಎಂದು ತೆಳುವಾಗಿಸುತ್ತ ಟಾನ್ಸಿಲ್‌ನ ಮೇಲೆ ಓಡಿಸಿ, ತೆಳು ಕೋಶಗಳು ಇನ್ನೂ ಕಾಣುವ, ಹಿನ್ನೆಲೆ ಖಾಲಿ ಇರುವ ಹಂತ ಆರಿಸಿಕೊಳ್ಳಿ. ಇಲಿಯ ಅಂಗಾಂಶದ ಮೇಲೆ ಇಲಿಯಲ್ಲೇ ತಯಾರಾದ ಪ್ರತಿಕಾಯ ಹಾಕಿದ್ದರೆ ದ್ವಿತೀಯಕವು ಅಂಗಾಂಶದ ಸ್ವಂತ ಪ್ರತಿಕಾಯಗಳನ್ನೂ ಹಿಡಿಯುತ್ತದೆ, ಆಗ ಪ್ರಾಥಮಿಕ ಹಾಕದ ಸ್ಲೈಡೂ ಕಂದಾಗುತ್ತದೆ. ಮಾನವ ಪಿ16ಕ್ಕೆ ಮಾಡಿದ ಎಷ್ಟೋ ಪ್ರತಿಕಾಯಗಳು ಇಲಿಯ ಪಿ16 ಅನ್ನು ಗುರುತಿಸುವುದೇ ಇಲ್ಲ ಎಂಬುದನ್ನೂ ಮರೆಯಬೇಡಿ.

ಪ್ರಾಥಮಿಕವಿಲ್ಲದ ಸ್ಲೈಡಿನಲ್ಲೂ ಕಂದು ಇದ್ದರೆ ರಕ್ತನಾಳಗಳ ಒಳಗೆ ನೋಡಿ. ಕೆಂಪು ರಕ್ತಕಣಗಳು ಕಂದಾಗಿದ್ದರೆ ಅಂಗಾಂಶದ ಸ್ವಂತ ಪೆರಾಕ್ಸಿಡೇಸ್ ಚಟುವಟಿಕೆ ತಣಿದಿಲ್ಲ, ಅದನ್ನು ತಣಿಸಬೇಕಾದ ಹೈಡ್ರೋಜನ್ ಪೆರಾಕ್ಸೈಡ್ ಹಳತಾಗಿದೆ. ಮೂರು ಶೇಕಡ ದ್ರಾವಣವನ್ನು ಆಯಾ ದಿನವೇ ಬೆರೆಸಿಕೊಳ್ಳಬೇಕು. ರಕ್ತಕಣ ಸ್ವಚ್ಛವಿದ್ದು ಪದರದ ಅಂಚು ಮಾತ್ರ ಕಗ್ಗಂದಾಗಿದ್ದರೆ ಸ್ಲೈಡು ನಡುವೆ ಎಲ್ಲೋ ಒಣಗಿದೆ. ಹೊರಗೆ ಬಟ್ಟೆ ಮೂರು ದಿನವಾದರೂ ಒಣಗದ ಊರಿನಲ್ಲಿ ಸ್ಲೈಡು ಒಣಗುವುದೇ ಎಂದು ನಗಬೇಡಿ, ಏಸಿಯ ಬಾಯಿಗೆ ನೇರವಾಗಿ ಇಟ್ಟ ತಟ್ಟೆಯಲ್ಲಿ ಹದಿನೈದು ನಿಮಿಷ ಸಾಕು.

ನಮ್ಮ ವಸಡಿನ ತುಂಡುಗಳಲ್ಲಿ ಇನ್ನೊಂದು ಕಂದು ಇದೆ, ಅದು ದೋಷವೇ ಅಲ್ಲ. ನಮ್ಮವರ ಬಾಯಿಯ ಒಳಪದರದ ತಳದ ಕೋಶಗಳಲ್ಲಿ ಮೆಲನಿನ್ ಧಾರಾಳವಾಗಿದೆ, ಅದರ ಬಣ್ಣವೂ ಡಿಎಬಿಯ ಬಣ್ಣವೂ ಅಣ್ಣತಮ್ಮಂದಿರು. ಯಾವ ದ್ರಾವಣವನ್ನೂ ಹಾಕದ ಒಂದು ಬೋಳು ಪದರವನ್ನು ಪಕ್ಕದಲ್ಲಿಟ್ಟು ನೋಡಿದರೆ ಮೆಲನಿನ್ ಯಾವುದೆಂದು ತಿಳಿಯುತ್ತದೆ. ಅದರಿಂದಲೂ ಗೊಂದಲ ಹೋಗದಿದ್ದರೆ ಡಿಎಬಿ ಬಿಟ್ಟು ಕೆಂಪು ಬಣ್ಣ ಕೊಡುವ ಎಇಸಿ ಬಳಸಿ. ಎಇಸಿ ಆಲ್ಕೋಹಾಲಿನಲ್ಲಿ ಕರಗಿಹೋಗುತ್ತದೆ, ಆದ್ದರಿಂದ ನೀರಿನ ಆಧಾರದ ಅಂಟಿನಿಂದಲೇ ಮುಚ್ಚಬೇಕು. ಅಭ್ಯಾಸಬಲದಿಂದ ಆಲ್ಕೋಹಾಲಿನಲ್ಲಿ ಅದ್ದಿ, ಒಂದು ಇಡೀ ದಿನದ ಕೆಲಸ ಕೆಂಪಗೆ ಕರಗಿ ಹೋದದ್ದನ್ನು ನಾನು ನೋಡಿದ್ದೇನೆ. ಅದ್ದಿದ ಕೈ ಯಾರದ್ದೆಂದು ಇಲ್ಲಿ ಹೇಳುವುದಿಲ್ಲ.

ಅಂಚಿಗೆ ಬಣ್ಣ, ನಡುವೆ ಬಿಳಿ

ಇದು ತುಂಡು ಬಂದ ದಾರಿಯ ದೋಷ. ಫಾರ್ಮಲಿನ್ ಅಂಗಾಂಶದೊಳಗೆ ಗಂಟೆಗೆ ಸುಮಾರು ಒಂದು ಮಿಲಿಮೀಟರಿನಂತೆ ಮಾತ್ರ ಇಳಿಯುತ್ತದೆ, ಇಳಿದ ಮೇಲೂ ಹೆಣೆಯಲು ಅದಕ್ಕೆ ಹೊತ್ತು ಬೇಕು. ದೊಡ್ಡ ತುಂಡನ್ನು ಕೊಯ್ಯದೆ ಕಿರಿದಾದ ಬಾಟಲಿಗೆ ತುರುಕಿ, ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳುಹಿಸಿದರೆ ನಡುಭಾಗ ಹಸಿಯಾಗಿಯೇ ಬರುತ್ತದೆ. ಮುಂದಿನ ಹಂತದಲ್ಲಿ ಆಲ್ಕೋಹಾಲು ಆ ನಡುಭಾಗವನ್ನು ತನ್ನದೇ ರೀತಿಯಲ್ಲಿ ಗಟ್ಟಿ ಮಾಡುತ್ತದೆ, ಅಲ್ಲಿಗೆ ಒಂದೇ ಪದರದಲ್ಲಿ ಎರಡು ಬಗೆಯ ಅಂಗಾಂಶ. ತುಂಡು ತೆಳುವಾಗಿರಲಿ, ಬಫರ್ ಮಾಡಿದ ಹತ್ತು ಶೇಕಡ ಫಾರ್ಮಲಿನ್ ಧಾರಾಳವಾಗಿರಲಿ, ಆರು ಗಂಟೆಗಿಂತ ಕಡಿಮೆಯಾಗದೆ 72 ಗಂಟೆ ಮೀರದಂತೆ ಇರಲಿ. ಕಪ್ಪು ಕಾಳಿನಂಥ ಕಲೆಗಳು ರಕ್ತವಿರುವಲ್ಲಿ ಕಂಡರೆ ಕಳುಹಿಸಿದವರು ಬಫರ್ ಇಲ್ಲದ ಫಾರ್ಮಲಿನ್ ಬಳಸಿದ್ದಾರೆಂದು ಊಹಿಸಬಹುದು. ದೂರವಾಣಿಯಲ್ಲಿ ಮೆತ್ತಗೆ ಹೇಳಿ.

ಅಲ್ಲೊಂದು ಇಲ್ಲೊಂದು ಕೋಶ ಮಾತ್ರ ಕಂದಾಗಿ ಚೆಲ್ಲಾಪಿಲ್ಲಿ ಕಂಡರೆ ಅದನ್ನು ತಾಂತ್ರಿಕ ದೋಷವೆಂದು ತಿದ್ದಲು ಹೋಗಬೇಡಿ. ಗರ್ಭಕಂಠದಲ್ಲಿ ಲೆಕ್ಕಕ್ಕೆ ಬರುವುದು ತಳದಿಂದ ಮೇಲಕ್ಕೆ ಎಡೆಬಿಡದೆ ಹಬ್ಬಿದ ಗಾಢ ಬಣ್ಣ. ಗಂಟಲಿನ ಕ್ಯಾನ್ಸರಿನಲ್ಲಿ ಕನಿಷ್ಠ 70 ಶೇಕಡ ಕೋಶಗಳ ಕೋಶಕೇಂದ್ರ ಮತ್ತು ಕೋಶದ್ರವ್ಯ ಎರಡರಲ್ಲೂ ಬಣ್ಣ ಇರಬೇಕು. ಈ 70ರ ಗಡಿ ಟಾನ್ಸಿಲ್ ಮತ್ತು ನಾಲಗೆಯ ಬುಡಕ್ಕೆ ಹೇಳಿದ್ದು, ಕೆನ್ನೆಗೆ ಅಲ್ಲ.

ಕೋಶಕೇಂದ್ರದ ಮಾತು ಬಂದಾಗ ನೀರಿನ ಮಾತೂ ಬರುತ್ತದೆ. ಹೆಮಟಾಕ್ಸಿಲಿನ್ ನೀಲಿಯಾಗಬೇಕಾದರೆ ತೊಳೆಯುವ ನೀರು ತುಸು ಕ್ಷಾರೀಯವಾಗಿರಬೇಕು. ಮುರಕಲ್ಲಿನ ನೆಲದ ನಮ್ಮ ಬಾವಿಗಳ ನೀರು ಹಲವೆಡೆ ಆಮ್ಲೀಯ. ಅದರಲ್ಲಿ ತೊಳೆದರೆ ಕೋಶಕೇಂದ್ರ ಕೆನ್ನೇರಳೆಯಲ್ಲೇ ನಿಂತು, ಅದರ ಮೇಲಿನ ಕಂದು ಇದೆಯೋ ಇಲ್ಲವೋ ಹೇಳಲಾಗದು. ನಲ್ಲಿಯ ನೀರು ನಿಂತ ದಿನ ಬಾವಿಯ ನೀರಿಗೆ ತಿರುಗಿದಾಗಲೇ ಈ ತೊಂದರೆ ಬಂದರೆ, ಒಂದು ಚಿಟಿಕೆ ಅಡುಗೆ ಸೋಡಾ ಸಾಕು.

ಕೊನೆಗೆ ಬಾಟಲಿ

ಇಷ್ಟೆಲ್ಲ ಆದ ಮೇಲೂ ಕೆಐ-67 ಚೆನ್ನಾಗಿದ್ದು ಪಿ16 ಮಾತ್ರ ಕೈಕೊಟ್ಟರೆ ಈಗ ಬಾಟಲಿಯನ್ನು ಸಂಶಯಿಸಲು ಹಕ್ಕಿದೆ. ಅದರ ಜೊತೆ ಬಂದ ಹಾಳೆಯನ್ನು ಓದಿ, ಮೊದಲ ದಿನವೇ ಓದಬೇಕಿತ್ತು. ವೆಸ್ಟರ್ನ್ ಬ್ಲಾಟಿಗೆ (ಪ್ರೋಟೀನುಗಳನ್ನು ಜೆಲ್ಲಿನಲ್ಲಿ ಗಾತ್ರದಂತೆ ಬೇರ್ಪಡಿಸಿ, ಪೊರೆಗೆ ಇಳಿಸಿ, ಪ್ರತಿಕಾಯದಿಂದ ಹುಡುಕುವ ವಿಧಾನ) ಮಾತ್ರ ಪರೀಕ್ಷಿಸಿದ ಪ್ರತಿಕಾಯ ಪ್ಯಾರಾಫಿನ್ ಪದರದಲ್ಲಿ ಕೆಲಸ ಮಾಡಲೇಬೇಕೆಂದಿಲ್ಲ. ಇ6ಎಚ್4 ಎಂಬ ತದ್ರೂಪಿಯ (ಒಂದೇ ಕೋಶದ ಸಂತತಿ ತಯಾರಿಸುವ ಪ್ರತಿಕಾಯ) ಮೇಲೆ ಬಂದ ಅಂಕಿಅಂಶಗಳನ್ನು ಬೇರೊಂದು ತದ್ರೂಪಿಯಿಂದ ನಿರೀಕ್ಷಿಸುವುದೂ ತಪ್ಪು. ಸಂಶೋಧನೆಗೆ ಮಾತ್ರ ಎಂದು ಚೀಟಿ ಅಂಟಿಸಿದ ಬಾಟಲಿಯಿಂದ ರೋಗಿಯ ವರದಿ ಬರೆಯುವುದಂತೂ ಕೂಡದು.

ಅದು ಹಿಡಿಯುತ್ತಿರುವುದು ಪಿ16 ಅನ್ನೇ ಎಂದು ತಿಳಿಯಲು ವೆಸ್ಟರ್ನ್ ಬ್ಲಾಟ್‌ನಲ್ಲಿ ಪ್ರಯೋಗಾಲಯದಲ್ಲಿ ಬೆಳೆಸುವ ಎರಡು ಕ್ಯಾನ್ಸರ್ ಕೋಶಗಳ ತಳಿಗಳು ಸಾಕು: ಹೀಲಾ ಮತ್ತು ಎಂಸಿಎಫ್-7. ಹೀಲಾ ಪ್ಯಾಪಿಲೋಮಾ ವೈರಸ್ 18 ಹೊತ್ತ ಕೋಶ, ಪಿ16 ತುಂಬಿ ತುಳುಕುತ್ತದೆ. ಎಂಸಿಎಫ್-7ರಲ್ಲಿ ಆ ಜೀನಿನ ಎರಡೂ ಪ್ರತಿಗಳು ಇಲ್ಲ. 15 ಶೇಕಡ ಜೆಲ್, 0.2 ಮೈಕ್ರಾನ್ ರಂಧ್ರದ ಪೊರೆ ಬಳಸಿ, ದೊಡ್ಡ ರಂಧ್ರದ ಪೊರೆಯಲ್ಲಿ ಇಷ್ಟು ಪುಟ್ಟ ಪ್ರೋಟೀನು ಆಚೆಗೆ ದಾಟಿಬಿಡುತ್ತದೆ.

ಆ ವರ್ಷದ ಕೊನೆಯಲ್ಲಿ ಬಂದ ಒಂದು ಪಾಲಿಕ್ಲೋನಲ್ (ಹಲವು ಪ್ರತಿಕಾಯಗಳ ಮಿಶ್ರಣದ) ಬಾಟಲಿ, ಹಿಂದಿನ ಲಾಟ್‌ಗಿಂತ ಬೇರೆಯದು, ಎಂಸಿಎಫ್-7ರ ಸಾಲಿನಲ್ಲೂ 16 ಕಿಲೋಡಾಲ್ಟನ್ ಹತ್ತಿರ ಒಂದು ಪಟ್ಟಿ ಕೊಟ್ಟಿತು. ಇಲ್ಲದ ಪ್ರೋಟೀನನ್ನು ಕಂಡದ್ದೆಂದರೆ ಅದು ಬೇರೆ ಯಾವುದನ್ನೋ ಹಿಡಿದಿದೆ. ಪಕ್ಕದ ಜೀನಿನ ಪಿ15 ಹೋಲಿಕೆಯಲ್ಲಿ ಇದರ ಸೋದರನಾದರೂ ಎಂಸಿಎಫ್-7ರಲ್ಲಿ ಅದು ಇದೆಯೇ ಎಂದು ಹುಡುಕಲು ನಾನು ಹೋಗಲಿಲ್ಲ. ಆಟಿಯಲ್ಲಿ ಬರೆದು ಕಳುಹಿಸದೆ ಉಳಿದಿದ್ದ ಪತ್ರವನ್ನೇ ತೆರೆದೆ. ಸಾಗಣೆಯಲ್ಲಿ ಬಿಸಿಯಾಗಿ ಕೆಟ್ಟಿದೆ ಎಂಬ ಸಾಲನ್ನು ಅಳಿಸಿ, ಲಾಟ್ ಸಂಖ್ಯೆ, ಬ್ಲಾಟಿನ ಚಿತ್ರ, ಎರಡೂ ಲಾಟ್‌ಗಳ ಟಾನ್ಸಿಲ್ ಚಿತ್ರ, ಜಾಡಿಯೊಳಗಿನ ತಾಪ ಬರೆದ ಪುಟ ಇಷ್ಟನ್ನು ಸೇರಿಸಿ ಕಳುಹಿಸಿದೆ. ಪ್ರಶ್ನೆಯೊಂದನ್ನೂ ಕೇಳದೆ ಬೇರೆ ಲಾಟ್ ಕಳುಹಿಸಿದರು. ಪೆಟ್ಟಿಗೆ ಎರಡನೇ ದಿನವೇ ತಲುಪಿತು, ಐಸ್ ಇನ್ನೂ ಗಟ್ಟಿಯಾಗಿತ್ತು. ಆದರೂ ಅದನ್ನು ಮೊದಲು ಟಾನ್ಸಿಲ್‌ನ ಮೇಲೆ ಓಡಿಸಿದೆವು.